ಮಂಡಕ್ಕಿ ಚೀಲ ಮತ್ತು ನನ್ನ ಲೆಕ್ಕದ ಶೀಟು

1/10

ಮೊದಲನೇ ಫೋಟೋ ನೋಡಿ. ಮೂರು ಬೈಕು, ಐದು ಜನ, ಹಿಂದೆ ಮಂಜು. ನೋಡಿದೋರೆಲ್ಲ ಮಂಜಿಗೆ ಒಂದು ಹಾರ್ಟ್ ಒತ್ತಿ ಮುಂದೆ ಹೋಗ್ತಾರೆ. ನೀವು ಒಂದು ನಿಮಿಷ ನಿಂತು ಎಡಗಡೆ ಬೈಕಿನ ಹಿಂದೆ ಹಗ್ಗ ಬಿಗಿದಿರೋ ಬಿಳಿ ಚೀಲ ನೋಡಿ. ದಿಂಬಿನ ಥರ ಉಬ್ಬಿದೆಯಲ್ಲ, ಅದು ಟೆಂಟ್ ಅಲ್ಲ, ಬಟ್ಟೆನೂ ಅಲ್ಲ. ಮಂಡಕ್ಕಿ.

ಹೌದು, ದಾವಣಗೆರೆ ಹುಡುಗರು ಬೆಟ್ಟಕ್ಕೆ ಕ್ಯಾಂಪಿಂಗ್ ಹೋದ್ರೂ ಮಂಡಕ್ಕಿ ಬಿಡಲ್ಲ. ನಗೋರು ಈಗಲೇ ನಕ್ಕುಬಿಡಿ.

ಟ್ರಿಪ್ ಮುಗಿದು ಮೂರು ತಿಂಗಳಾಯ್ತು. ಮೇ ತಿಂಗಳಲ್ಲೇ ಈ ಫೋಟೋ ಹಾಕಬಹುದಿತ್ತು, ಹಾಕಲಿಲ್ಲ. ಯಾಕೆ ಅನ್ನೋದು ಮುಂದೆ ಬರುತ್ತೆ. ಮೊದಲು ಹುಡುಗರ ಪರಿಚಯ ಮಾಡ್ಕೊಡ್ತೀನಿ. ನಿಜವಾದ ಹೆಸರು ಹಾಕಬೇಡ ಅಂದಿದ್ದಾರೆ, ಅದಕ್ಕೆ ಅಡ್ಡಹೆಸರಲ್ಲೇ ಕರೀತೀನಿ.

ಸೌಕಾರ: ಬುಲೆಟ್ ಇರೋನು. ಮ್ಯಾಪ್: ಸೌಕಾರನ ಹಿಂದೆ ಕೂತು ದಾರಿ ಹೇಳೋನು, ಅರ್ಧ ತಪ್ಪೇ ಹೇಳೋನು. ಉದ್ದ: ಆರಡಿ ಮೇಲೆ ಇದ್ದಾನೆ, ಅವನ ಕಾಲು ಟೆಂಟಿನ ಹೊರಗೇ ಇರುತ್ತೆ. ಭಟ್ಟಿ: ಅವನ ಅಪ್ಪ ಅಮ್ಮ ಇಬ್ಬರೂ ನಮ್ಮೂರಿನ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡ್ತಾರೆ, ಆ ಹೆಸರು ನಾವೇ ಇಟ್ಟಿದ್ದು. ಐದನೆಯವನು ನಾನು, ಬಿಕಾಂ ಎರಡನೇ ವರ್ಷ. ಎಲ್ಲಿ ಹೋದ್ರೂ ಖರ್ಚು ಬರೆಯೋದು ನಾನೇ ಆಗಿದ್ದರಿಂದ ನನಗೆ ಆಡಿಟರ್ ಅಂತ ಹೆಸರು. ಆ ಹೆಸರು ಕೇಳಿದ್ರೆ ಆಗ ಖುಷಿಯಾಗ್ತಿತ್ತು.

ಟ್ರಿಪ್ಪಿಗೆ ಒಂದು ವಾರ ಮುಂಚೆ ಗ್ರೂಪಲ್ಲಿ ಮೆಸೇಜ್ ಹಾಕಿದ್ದು ನಾನೇ: "ನಾಲ್ಕು ದಿನ, ಮೂರು ರಾತ್ರಿ. ಒಬ್ಬರಿಗೆ 2,000 ಒಳಗೆ ಮುಗಿಯುತ್ತೆ. ಗ್ಯಾರಂಟಿ."

ಈ ಗ್ಯಾರಂಟಿ ಅನ್ನೋ ಪದ ನೆನಪಲ್ಲಿಟ್ಕೊಳ್ಳಿ.

2/10

ನನ್ನ ಹತ್ರ ಸ್ವಂತ ಬೈಕಿಲ್ಲ. ಅಪ್ಪನ ಹಳೇ 100 ಸಿಸಿ ಬೈಕು ಕೇಳೋಕೆ ಮೂರು ದಿನ ಮನೆಕೆಲಸ ಮಾಡಿದ್ದೀನಿ, ನೀರು ಹಿಡಿದಿದ್ದೀನಿ, ರೇಷನ್ ತಂದಿದ್ದೀನಿ. ನಾಲ್ಕನೇ ದಿನ ಅಪ್ಪ ಕೀ ಕೊಟ್ಟು ಒಂದೇ ಮಾತು ಹೇಳಿದ್ರು: "ಹಿಂದಿನ ಬ್ರೇಕ್ ಸ್ವಲ್ಪ ಲೂಸ್ ಐತೆ, ಟೈಟ್ ಮಾಡಿಸ್ಕೊಂಡು ಹೋಗು."

ಹೂಂ ಅಂದೆ. ಮಾಡಿಸಲಿಲ್ಲ. ಗ್ಯಾರೇಜಿಗೆ ಹೋದ್ರೆ ಬ್ರೇಕ್ ಲೈನರ್ ಹಾಕಬೇಕು ಅಂತಾರೆ, ಸುಮ್ನೆ ಮುನ್ನೂರು ನಾನೂರು ಹೋಗುತ್ತೆ ಅನ್ನೋ ಲೆಕ್ಕ ನಂದು.

ಬೆಳಗಿನ ಜಾವ ನಾಲ್ಕೂವರೆಗೆ ಹೊರಟ್ವಿ. ಭಟ್ಟಿ ಬಂದಾಗ ಅವನ ಕೈಯಲ್ಲಿ ಆ ಚೀಲ. ಸೌಕಾರ ನಗಾಡಿದ: "ಲೇ, ದಾರಿಲಿ ಅಂಗಡಿ ಇಡ್ತೀಯೇನಲೇ?" ಭಟ್ಟಿ ನಕ್ಕು, "ಅವ್ವ ಕೊಟ್ಟಿದ್ದು, ಇರ್ಲಿ ಬಿಡಲೇ" ಅಂದ. ಅವನು ಹೆಚ್ಚು ಮಾತಾಡಲ್ಲ. ಕಾಲೇಜು ಮುಗಿದ ಮೇಲೆ ಒಂದು ಗ್ಯಾರೇಜಲ್ಲಿ ಸಂಜೆ ಕೆಲಸ ಮಾಡ್ತಾನೆ, ಭಾನುವಾರ ಪೂರ್ತಿ ಅಲ್ಲೇ ಇರ್ತಾನೆ. ನಾಲ್ಕು ದಿನ ರಜೆ ಕೇಳಿ ಬಂದಿದ್ದ. ಅಷ್ಟು ದಿನದ ಕೂಲಿ ಬಿಟ್ಟು ಬಂದಿದ್ದ ಅಂತ ನನಗೆ ಹೊಳೀಲೇ ಇಲ್ಲ.

ಚನ್ನಗಿರಿ ದಾರಿ ಹಿಡಿದ್ವಿ. ಸೂಳೆಕೆರೆ ಏರಿ ಮೇಲೆ ಬೆಳಗಾಯ್ತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ದಡ ಬಿರುಕು ಬಿಟ್ಟಿತ್ತು, ಆದ್ರೂ ಕೆರೆ ಕಣ್ಣಿಗೆ ಮುಗಿಯಲ್ಲ. ಆಮೇಲೆ ಭದ್ರಾವತಿ, ತರೀಕೆರೆ, ಲಿಂಗದಹಳ್ಳಿ. ಲಿಂಗದಹಳ್ಳಿ ದಾಟೋವರೆಗೆ ನಮ್ಮೂರಿನ ಬಿಸಿಲೇ ಬೆನ್ನಿಗಿತ್ತು. ಅಲ್ಲಿಂದ ಮುಂದೆ ಒಂದು ತಿರುವಲ್ಲಿ ಗಾಳಿ ತಣ್ಣಗಾಯ್ತು ನೋಡಿ, ಐದೂ ಜನ ಹೆಲ್ಮೆಟ್ ಒಳಗೇ ಕೂಗಿದ್ವಿ.

3/10

ನಮ್ಮ ಮೂಲ ಪ್ಲಾನಲ್ಲಿ ಮೂರು ರಾತ್ರಿನೂ ಗೊತ್ತಿರೋರ ಮನೆ ಅಂಗಳದಲ್ಲಿ ಟೆಂಟ್ ಹಾಕೋದು ಅಂತ ಇತ್ತು. ಹೋಗೋರಿಗೆ ಒಂದು ಮಾತು ಹೇಳ್ತೀನಿ. ಕಾಡಲ್ಲಿ, ಗಿರಿ ಮೇಲೆ, ಸಿಕ್ಕ ಸಿಕ್ಕ ಹುಲ್ಲುಗಾವಲಲ್ಲಿ ಟೆಂಟ್ ಹಾಕೋ ಹಾಗಿಲ್ಲ. ಅರಣ್ಯ ಇಲಾಖೆಯವರು ಎಬ್ಬಿಸ್ತಾರೆ, ಎಬ್ಬಿಸೋದೇ ಸರಿ. ಬೇಸಿಗೆಯಲ್ಲಿ ಒಣಗಿದ ಹುಲ್ಲಿಗೆ ಒಂದು ಕಿಡಿ ಬಿದ್ರೆ ಬೆಟ್ಟಕ್ಕೆ ಬೆಟ್ಟವೇ ಹೊತ್ಕೊಳ್ಳುತ್ತೆ.

ಮೊದಲನೇ ರಾತ್ರಿ ಚಿಕ್ಕಮಗಳೂರು ಹತ್ರ ಉದ್ದನ ಪರಿಚಯದವರ ಮನೆ ಅಂಗಳ ಗೊತ್ತಾಗಿತ್ತು, ಫ್ರೀ. ಊಟಕ್ಕೆ ಕೂತಾಗ ಸೌಕಾರ ಫೋನಲ್ಲಿ ಒಂದು ಕಾಫಿ ಎಸ್ಟೇಟ್ ಫೋಟೋ ತೋರಿಸಿದ. ಸಾಲಾಗಿ ಟೆಂಟ್, ಮರಕ್ಕೆ ಸುತ್ತಿದ ಲೈಟು, ನಡುವೆ ಬೆಂಕಿ. "ತಲೆಗೆ ಐನೂರು. ಐನೂರು ತಾನೇ?"

ಮ್ಯಾಪ್ ಸರಿ ಅಂದ. ಉದ್ದ ಸರಿ ಅಂದ. ನಾನೂ ಸರಿ ಅಂದೆ, ಅಲ್ಲಿ ಫೋಟೋ ಚೆನ್ನಾಗಿ ಬರುತ್ತೆ ಅಂತ. ಭಟ್ಟಿ ಏನೂ ಅನ್ನಲಿಲ್ಲ. ನಾವು ಅದನ್ನೂ ಸರಿ ಅಂತಲೇ ತಿಳ್ಕೊಂಡ್ವಿ.

ಜಾಗ ನಿಜವಾಗ್ಲೂ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡದಲ್ಲಿ ಹಸಿರು ಕಾಯಿ. ರಾತ್ರಿ ಜೀರುಂಡೆ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳ್ತಿರಲಿಲ್ಲ.

ಮಲಗೋಕೆ ಮುಂಚೆ ನಾನು ಶೀಟ್ ಹಾಕಿದೆ. ಟೆಂಟ್ ಬಾಡಿಗೆ 2,000. ಪೆಟ್ರೋಲ್ 1,900. ಊಟ ತಿಂಡಿ 1,100. ಪಾರ್ಕಿಂಗ್ ಚಿಲ್ಲರೆ 100. ಎಸ್ಟೇಟ್ 2,500. ಒಟ್ಟು 7,600, ತಲಾ 1,520. "ಎಲ್ಲರೂ ಈಗ್ಲೇ ಕಳ್ಸಿ, ಬಾಕಿ ಇಟ್ಕೋಬೇಡಿ."

ಐದು ನಿಮಿಷದಲ್ಲಿ ಎಲ್ಲರ ದುಡ್ಡು ಬಂತು. ಮೊದಲು ಕಳಿಸಿದ್ದು ಭಟ್ಟಿ.

4/10

ಎರಡನೇ ಫೋಟೋ ಮುಳ್ಳಯ್ಯನಗಿರಿ. ಬೆಳಗ್ಗೆ ಐದಕ್ಕೇ ಎದ್ದು ಹೊರಟ್ವಿ. 1,930 ಮೀಟರ್, ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಜಾಗ ಇಲ್ಲ. ರಸ್ತೆ ಚಿಕ್ಕದು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಎದುರಿಗೆ ಜೀಪ್ ಬಂದ್ರೆ ಯಾರೋ ಒಬ್ಬರು ಉಸಿರು ಹಿಡ್ಕೊಂಡು ಅಂಚಿಗೆ ಸರೀಬೇಕು. ಅಪ್ಪನ ಬೈಕು ಇಬ್ಬರನ್ನೂ ಲಗೇಜನ್ನೂ ಹೊತ್ಕೊಂಡು ಫಸ್ಟ್ ಗೇರಲ್ಲಿ ಅಳ್ತಾ ಹತ್ತಿತು. ಎರಡು ಕಡೆ ಭಟ್ಟಿ ತಾನಾಗೇ ಇಳಿದು ಹಿಂದೆ ನಡ್ಕೊಂಡು ಬಂದ.

ಬೈಕ್ ಬಿಟ್ಟು ಮೆಟ್ಟಿಲು ಹತ್ತಿದ್ರೆ ತುದೀಲಿ ಪುಟ್ಟ ದೇವಸ್ಥಾನ. ಗಾಳಿಗೆ ಉದ್ದನೇ ಅಲ್ಲಾಡ್ತಿದ್ದ. ಮೊದಲು ಏನೂ ಕಾಣಲಿಲ್ಲ, ಬರೀ ಬಿಳಿ. ಆಮೇಲೆ ಯಾರೋ ಕಂಬಳಿ ಎಳೆದ ಹಾಗೆ ಮಂಜು ಜಾರಿತು. ಕೆಳಗೆ ಬೆಟ್ಟದ ಬೆನ್ನು ಒಂದರ ಹಿಂದೆ ಒಂದು, ಮಡಿಕೆಗಳಲ್ಲಿ ಮಾತ್ರ ಕಪ್ಪಗೆ ಶೋಲಾ ಕಾಡು, ಮಿಕ್ಕಿದ್ದೆಲ್ಲ ಹುಲ್ಲು.

ಮೊದಲ ಭಾಗದಲ್ಲಿ ನೋಡಿದ್ರಲ್ಲ, ಆ ಐದು ಜನರ ಫೋಟೋ ಇಳಿದು ಬಂದ ಮೇಲೆ ಇಲ್ಲೇ ತೆಗೆದಿದ್ದು.

ಗಿರಿ ಇಳಿದು ಪೇಟೆಗೆ ಬಂದಾಗ ಎಲ್ಲರಿಗೂ ಹಸಿವು. ನಾವು ನಾಲ್ಕು ಜನ ಒಂದು ಹೋಟೆಲಲ್ಲಿ ಮಸಾಲೆ ದೋಸೆ, ವಡೆ, ಕಾಫಿ ಹೇಳಿದ್ವಿ. ಭಟ್ಟಿ "ಬೆಳಗ್ಗೆ ಬೆಳಗ್ಗೆ ಎಣ್ಣೆ ಆಗಲ್ಲಲೇ, ಬೈಕ್ ಹತ್ರ ಇರ್ತೀನಿ" ಅಂದು ಹೊರಗೇ ಉಳಿದ. ಬಂದು ನೋಡಿದ್ರೆ ಚೈನಿಗೆ ಆಯಿಲ್ ಬಿಟ್ಟು, ಮೂರೂ ಬೈಕಿನ ಟೈರ್ ಒತ್ತಿ ನೋಡಿ, ಹಗ್ಗ ಎಲ್ಲ ಬಿಗಿ ಮಾಡಿದ್ದ. ಒಂದು ಕೈಯಲ್ಲಿ ಮಂಡಕ್ಕಿ ಮುಕ್ತಾ ಇದ್ದ.

ಬಿಲ್ಲನ್ನ ಐದಾಗಿ ಭಾಗ ಮಾಡಿದೆ. "ಅವನು ತಿಂದಿಲ್ಲ ಅಲ್ವಾ?" ಅಂದ ಉದ್ದ. "ನಿನ್ನೆ ಅವನು ಎರಡು ಟೀ ಕುಡಿದಿದ್ದ, ನೀನು ಒಂದು. ಅದನ್ನೆಲ್ಲ ನೋಡ್ತಾ ಕೂತ್ರೆ ಲೆಕ್ಕ ಮುಗಿಯಲ್ಲ. ಸಮ ಅಂದ್ರೆ ಸಮ" ಅಂದೆ. ಎಷ್ಟು ಜಾಣ ನಾನು!

5/10

ಆಲ್ದೂರು, ಬಾಳೆಹೊನ್ನೂರು, ಕಳಸ. ಈ ದಾರೀನ ಕಾರಲ್ಲಿ ಹೋಗಬೇಡಿ, ಬೈಕಲ್ಲೇ ಹೋಗಿ. ತೋಟದೊಳಗೆ ಮರದ ನೆರಳು, ಮುಂದೆ ಒಮ್ಮೆಲೇ ಬಿಸಿಲು, ಮತ್ತೆ ನೆರಳು. ಬಾಳೆಹೊನ್ನೂರಲ್ಲಿ ಭದ್ರಾ ನದಿ ಸಿಗುತ್ತೆ. ನಾವು ಅದರ ವಿರುದ್ಧ ದಿಕ್ಕಿಗೆ, ಅದು ಹುಟ್ಟೋ ಕಡೆ ಹೊರಟಿದ್ವಿ.

ಎರಡನೇ ರಾತ್ರಿ ಕಳಸ ಹತ್ರ ಮ್ಯಾಪ್‌ನ ದೊಡ್ಡಜ್ಜಿ ಮನೆ. ಅಡಿಕೆ ಒಣಗಿಸೋ ಅಂಗಳದಲ್ಲಿ ಟೆಂಟ್ ಹಾಕ್ತಿದ್ರೆ ಅಜ್ಜಿ ಸೊಂಟಕ್ಕೆ ಕೈಯಿಟ್ಟು ನಿಂತು ಕೇಳಿದ್ರು: "ಎಂತ ಮಾರಾಯ್ರಾ, ಇಷ್ಟು ದೊಡ್ಡ ಮನೆ ಇಟ್ಕೊಂಡು ಹೊರಗೆ ಮಲಗುದಾ? ಭರಣಿ ಮಳೆ ಉಂಟು, ಗೊತ್ತಾಗ್ತದೆ ನಿಮಗೆ."

ಗೊತ್ತಾಯ್ತು. ಒಂಬತ್ತು ಗಂಟೆಗೆ ಗುಡುಗು, ಒಂಬತ್ತೂ ಹತ್ತಕ್ಕೆ ಮಳೆ. ಬಾಡಿಗೆ ಟೆಂಟಿನ ಹೊಲಿಗೆಯಿಂದ ನೀರು ಹನಿಯೋಕೆ ಶುರುವಾಗಿ, ಹತ್ತೇ ನಿಮಿಷದಲ್ಲಿ ಐದೂ ಜನ ಜಗಲಿ ಮೇಲೆ. ಅಜ್ಜಿ ಒಂದು ಮಾತೂ ಆಡದೆ ಬಿಸಿ ಕಷಾಯ ತಂದಿಟ್ರು. ಆ ಮೌನಕ್ಕಿಂತ ಬೈದಿದ್ರೇ ಚೆನ್ನಾಗಿತ್ತು.

ಕರೆಂಟ್ ಹೋಗಿತ್ತು. ಊಟ ಮುಗಿದು ಹೋಗಿದ್ದ ಹೊತ್ತಲ್ಲಿ ಮತ್ತೆ ನಮಗೆ ಹಸಿವು. ಭಟ್ಟಿ ಚೀಲ ಬಿಚ್ಚಿದ. ಅಜ್ಜಿ ಅಡುಗೆಮನೆಗೆ ಹೋಗಿ, "ಅಜ್ಜಿ, ಈರುಳ್ಳಿ ಎಲ್ಲಿಟ್ಟೀರಿ?" ಅಂತ ಕೇಳ್ಕೊಂಡು, ತೆಂಗಿನೆಣ್ಣೇಲಿ ಹಸಿಮೆಣಸು ಒಗ್ಗರಣೆ ಹಾಕಿ, ಮನೆಯಿಂದ ತಂದಿದ್ದ ಪುಟಾಣಿ ಹಿಟ್ಟು ಉದುರಿಸಿ ಮಂಡಕ್ಕಿ ಕಲಸಿದ. ಮೊರದ ಸುತ್ತ ಆರು ಕೈ, ಮಧ್ಯ ಒಂದು ಬುಡ್ಡಿ ದೀಪ. ಅಜ್ಜಿ ಎರಡು ಸಲ ಹಾಕಿಸ್ಕೊಂಡ್ರು. "ನಿಮ್ಮ ಊರಿನ ಮಂಡಕ್ಕಿ ಒಳ್ಳೇ ಗರಿಗರಿ ಉಂಟು" ಅಂದಾಗ ಭಟ್ಟಿ ಮುಖ ನೋಡಬೇಕಿತ್ತು ನೀವು.

"ನಮ್ಮವ್ವ ಮರಳಲ್ಲಿ ಹುರಿದಿದ್ದು ಅಜ್ಜಿ" ಅಂದ.

ಆ ರಾತ್ರಿ ಶೀಟ್: ತಲಾ 300. ಮಂಡಕ್ಕಿ ಅದರಲ್ಲಿ ಇರಲಿಲ್ಲ. ಬಿಲ್ ಇರಲಿಲ್ಲವಲ್ಲ.

6/10

ಮೂರನೇ ದಿನ. ಕಳಸದಿಂದ ಸಂಸೆ, ಅಲ್ಲಿಂದ ಕುದುರೆಮುಖ. ಮಳೆ ಬಿದ್ದ ಬೆಳಗ್ಗೆ ಬೆಟ್ಟಗಳು ತೊಳೆದಿಟ್ಟ ಹಾಗಿದ್ವು.

ಕುದುರೆಮುಖ ಪೇಟೆ ನೋಡಿದ್ರೆ ಒಂಥರಾ ಆಗುತ್ತೆ. ಕಬ್ಬಿಣದ ಅದಿರಿನ ಗಣಿಗಾಗಿ ಕಟ್ಟಿದ ಊರು. ಇಲ್ಲಿಂದ ಅದಿರನ್ನ ನೀರಲ್ಲಿ ಕಲಸಿ ಪೈಪಲ್ಲಿ ಮಂಗಳೂರಿಗೆ ಕಳಿಸ್ತಿದ್ರು. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೆಗೆ ಗಣಿ ನಿಂತಿತು. ಈಗ ಸಾಲು ಸಾಲು ಖಾಲಿ ಕ್ವಾರ್ಟರ್ಸ್, ಗೋಡೆಗೆ ಹತ್ತಿದ ಬಳ್ಳಿ. ಕಾಡು ಉಳೀತು ಅಂತ ಸಂತೋಷ, ಇಲ್ಲಿ ಓದಿ ಬೆಳೆದ ಮಕ್ಕಳಿಗೆ ಊರೇ ಇಲ್ಲ ಅಂತ ಬೇಜಾರು, ಎರಡೂ ಒಟ್ಟಿಗೇ ಆಯ್ತು.

ಇಲ್ಲಿಂದ ಮುಂದಿನ ರಸ್ತೆ ನ್ಯಾಷನಲ್ ಪಾರ್ಕ್ ಒಳಗೇ ಹೋಗುತ್ತೆ. ಚೆಕ್‌ಪೋಸ್ಟಲ್ಲಿ ಟೈಮ್ ಬರೆದ ಚೀಟಿ ಕೊಡ್ತಾರೆ. ಮಧ್ಯೆ ಗಾಡಿ ನಿಲ್ಲಿಸೋದು, ಇಳಿದು ತಿರುಗಾಡೋದು, ಕಸ ಹಾಕೋದು, ಯಾವುದೂ ಇಲ್ಲ. ಹೇಳಿದ ಹೊತ್ತಿನೊಳಗೆ ಆ ಕಡೆ ಗೇಟ್ ದಾಟಬೇಕು.

ಈ ಬೆಟ್ಟದೊಳಗೇ ಗಂಗಾಮೂಲ. ತುಂಗಾ, ಭದ್ರಾ, ನೇತ್ರಾವತಿ, ಮೂರೂ ಹುಟ್ಟೋದು ಅಲ್ಲಿ. ಆ ತಿರುವು ದಾಟುವಾಗ ಹಿಂದಿನಿಂದ ಭಟ್ಟಿ ಹೆಲ್ಮೆಟ್ ತಟ್ಟಿ ಹೇಳಿದ: "ಲೇ ಆಡಿಟರ್, ನಮ್ಮ ಕಡೆ ಗದ್ದೆಗೆ ಬರೋ ಭದ್ರಾ ನಾಲೆ ನೀರು ಇಲ್ಲಿಂದಲೇ ಅಲ್ವೇನೋ?"

ಹೌದಲ್ಲ! ಇಲ್ಲಿ ಹುಟ್ಟಿದ ನೀರು ಲಕ್ಕವಳ್ಳಿ ಡ್ಯಾಮಲ್ಲಿ ನಿಂತು, ನಾಲೆಯಲ್ಲಿ ನಮ್ಮೂರಿಗೆ ಬಂದು, ಭತ್ತ ಆಗುತ್ತೆ. ಅವನ ಮನೆಯೋರು ಭತ್ತದ ಅಕ್ಕಿ ಹುರಿದು ಮಂಡಕ್ಕಿ ಮಾಡ್ತಾರೆ. ಎಸ್ಟೇಟಲ್ಲಿ ಐನೂರು ಕೊಟ್ಟು ಕೂತಾಗ ನನಗೆ ಈ ಬೆಟ್ಟಕ್ಕೂ ನಮಗೂ ಏನೋ ಸಂಬಂಧ ಇದೆ ಅನ್ನಿಸಿರಲಿಲ್ಲ. ಆ ಮಾತಿಗೆ ಅನ್ನಿಸ್ತು.

7/10

ಈ ಭಾಗ ಬೈಕ್ ಓಡಿಸೋರು ಸೇವ್ ಮಾಡ್ಕೊಳ್ಳಿ.

ಕುದುರೆಮುಖದ ರಸ್ತೆ ಮುಂದೆ ಎರಡಾಗುತ್ತೆ. ಒಂದು ಶೃಂಗೇರಿ ಕಡೆ, ಇನ್ನೊಂದು ಮಾಳ ಘಾಟಿ ಇಳಿದು ಕಾರ್ಕಳಕ್ಕೆ. ನಾವು ಕಾರ್ಕಳ ಕಡೆ ತಿರುಗಿದ್ವಿ. ಬರೀ ಇಳಿಜಾರು. ನಾನು ಏನು ಮಾಡ್ದೆ ಗೊತ್ತಾ? ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡಿ ಬಿಟ್ಟೆ. ಬೈಕು ತಾನಾಗೇ ಓಡ್ತಾ ಇತ್ತು, ನಾನು ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇದ್ದೆ. ಆಡಿಟರ್ ಉಳಿತಾಯ!

ನಾಲ್ಕೈದು ತಿರುವು ಆದ್ಮೇಲೆ ಸುಟ್ಟ ವಾಸನೆ ಬಂತು. ಆರನೇ ತಿರುವಲ್ಲಿ ಬ್ರೇಕ್ ಒತ್ತಿದೆ, ಪೆಡಲ್ ಕೆಳಗೆ ಹೋಯ್ತು, ಬೈಕ್ ನಿಲ್ಲಲಿಲ್ಲ. ಮುಂದಿನ ಬ್ರೇಕ್ ಹಿಡಿದ್ರೆ ರಸ್ತೆ ಒದ್ದೆ, ಹ್ಯಾಂಡಲ್ ಅಲ್ಲಾಡ್ತು. ಎದುರಿಗೆ ತಡೆಗೋಡೆ, ಅದರಾಚೆ ಮರಗಳ ತುದಿ ಮಾತ್ರ ಕಾಣ್ತಿತ್ತು.

ಹಿಂದಿನಿಂದ ಭಟ್ಟಿ ನನ್ನ ಭುಜ ಹಿಡಿದ. ಕೂಗಲಿಲ್ಲ. ಗ್ಯಾರೇಜಲ್ಲಿ ಸ್ಪ್ಯಾನರ್ ಕೇಳೋ ದನೀಲಿ ಹೇಳಿದ: "ಗೇರ್ ಹಾಕು. ಮೂರು. ಕ್ಲಚ್ ನಿಧಾನ ಬಿಡು. ಎರಡು. ಬಿಡು. ಮುಂದಿಂದು ಮೆಲ್ಲಕ್ಕೆ, ಬಿಟ್ಟು ಬಿಟ್ಟು ಹಿಡಿ." ಇಂಜಿನ್ ಕಿರುಚಿತು, ಬೈಕನ್ನ ಯಾರೋ ಹಿಂದೆ ಎಳೆದ ಹಾಗಾಯ್ತು. ತಿರುವು ದಾಟಿ ಗುಡ್ಡದ ಬದಿಗೆ ನಿಂತಾಗ ನನ್ನ ಕಾಲು ನೆಲಕ್ಕೆ ಊರೋಕೆ ಆಗ್ತಿರಲಿಲ್ಲ.

ಡ್ರಮ್ಮಿಂದ ಹೊಗೆ ಬರ್ತಿತ್ತು. ಮ್ಯಾಪ್ ನೀರಿನ ಬಾಟಲಿ ತಂದ. ಭಟ್ಟಿ ಅದನ್ನ ಕಿತ್ಕೊಂಡ: "ಕಾದ ಕಬ್ಬಿಣಕ್ಕೆ ತಣ್ಣೀರು ಹಾಕಿದ್ರೆ ಬಿರುಕು ಬಿಡುತ್ತೆ. ತಾನಾಗೇ ಆರಲಿ." ಅಷ್ಟರಲ್ಲಿ ಅರಣ್ಯ ಇಲಾಖೆ ಜೀಪ್ ಬಂತು. ಯಾಕೆ ನಿಲ್ಸಿದ್ದು ಅಂತ ಜೋರು ಮಾಡೋಕೆ ಇಳಿದ ಗಾರ್ಡ್, ಹೊಗೆ ನೋಡಿ ಸುಮ್ಮನಾಗಿ, ನಮ್ಮ ಜೊತೆಗೇ ನಿಂತ್ರು. ಡ್ರಮ್ ಆರಿದ ಮೇಲೆ ಭಟ್ಟಿ ಹಿಂದಿನ ಬ್ರೇಕಿನ ನಟ್ ಬಿಗಿ ಮಾಡಿ, ಮಿಕ್ಕ ಘಾಟಿ ತಾನೇ ಓಡಿಸಿದ. ಸೆಕೆಂಡ್ ಗೇರ್, ಕೆಳಗೆ ಬರೋವರೆಗೂ.

ಪಾಠ ಇಷ್ಟೇ. ಘಾಟಿ ಹತ್ತೋಕೆ ಯಾವ ಗೇರ್ ಬೇಕೋ ಇಳಿಯೋಕೂ ಅದೇ ಗೇರ್. ನ್ಯೂಟ್ರಲ್ ಹಾಕಬೇಡಿ, ಇಂಜಿನ್ ಆಫ್ ಮಾಡಬೇಡಿ, ಬ್ರೇಕ್ ಒಂದೇ ಸಮನೆ ಒತ್ತಿ ಹಿಡೀಬೇಡಿ. ನಾನು ಉಳಿಸಿದ ಪೆಟ್ರೋಲು ಹೆಚ್ಚಂದ್ರೆ ಇಪ್ಪತ್ತು ರೂಪಾಯಿದು.

8/10

ಕಾರ್ಕಳದಲ್ಲಿ ಬೆವರು ಸುರೀತಿತ್ತು. ಮೂರು ಗಂಟೆ ಹಿಂದೆ ಜಾಕೆಟ್ ಹಾಕಿದ್ದು ನಾವೇನಾ ಅನ್ನಿಸೋಷ್ಟು ಸೆಖೆ. ಹೆಬ್ರಿಯಲ್ಲಿ ಊಟಕ್ಕೆ ನಿಂತ್ವಿ. ಬದುಕಿದ್ದೀವಿ ಅನ್ನೋ ಖುಷಿಗೆ ಸೌಕಾರ ಮೀನೂಟ ಹೇಳಿದ, ಮೇಲೆ ಫ್ರೈ ಬೇರೆ.

ಭಟ್ಟಿ, "ಹೊಟ್ಟೆ ಸರಿ ಇಲ್ಲಲೇ, ನೀವು ತಿನ್ರಿ" ಅಂದ.

ಕೈ ತೊಳೆಯೋಕೆ ಹೊರಗೆ ಬಂದಾಗ ನೋಡಿದೆ. ಬೈಕಿನ ನೆರಳಲ್ಲಿ ಕೂತು ಚೀಲದೊಳಗೆ ಕೈ ಹಾಕಿ ಮಂಡಕ್ಕಿ ಮುಕ್ತಾ ಇದ್ದ, ಬೇಗ ಬೇಗ. ಹೊಟ್ಟೆ ಸರಿ ಇಲ್ಲದೋನು ಹಾಗೆ ತಿನ್ನಲ್ಲ. ಕಣ್ಣಿಗೆ ಕಂಡಿದ್ದು ತಲೆಗೆ ಹೋಗಲಿಲ್ಲ ನೋಡಿ ನನಗೆ. ವಾಪಸ್ ಹೋಗಿ ಮೀನು ತಿಂದೆ.

ಸೋಮೇಶ್ವರದಿಂದ ಆಗುಂಬೆ ಘಾಟಿ, 14 ಹೇರ್‌ಪಿನ್ ತಿರುವು. ಒಂದೊಂದಕ್ಕೂ ನಂಬರ್ ಬೋರ್ಡ್ ಇದೆ. ಬೈಕ್ ಭಟ್ಟಿ ಕೈಯಲ್ಲಿತ್ತು, ನಾನು ಹಿಂದೆ ಕೂತು ನಂಬರ್ ಎಣಿಸ್ತಿದ್ದೆ. ಮೇಲೆ ಹೋದ ಹಾಗೆ ಮತ್ತೆ ತಂಪು. ಒಂದೇ ದಿನದಲ್ಲಿ ಘಟ್ಟ ಇಳಿದು ಘಟ್ಟ ಹತ್ತಿದ್ರೆ ಎರಡು ದೇಶ ನೋಡಿದ ಹಾಗಿರುತ್ತೆ.

ಮೂರನೇ ಫೋಟೋ ಆಗುಂಬೆಯ ಸೂರ್ಯಾಸ್ತ. ಆಕಾಶ ಚೊಕ್ಕ ಇದ್ರೆ ಅಲ್ಲಿಂದ ಸಮುದ್ರ ಕಾಣುತ್ತೆ. ನಮಗೆ ಮೋಡ ಇತ್ತು, ಆದ್ರೂ ಕೊನೇ ಎರಡು ನಿಮಿಷ ಸೂರ್ಯ ಮೋಡದ ಕೆಳಗಿನಿಂದ ಇಣುಕಿ ಹೋದ. ಎಲ್ಲರೂ ಫೋನ್ ಎತ್ತಿದ್ವಿ. ಫೋಟೋ ಝೂಮ್ ಮಾಡಿ ನೋಡಿ, ಬಲಗಡೆ ತುದೀಲಿ ಒಬ್ಬ ಸೂರ್ಯನ್ನ ನೋಡ್ತಿಲ್ಲ. ಕೈಯಲ್ಲಿ ಒಂದು ಚೀಟಿ, ಪೆನ್ನು. ಫೋಟೋ ತೆಗೆಯುವಾಗ ನಾನೂ ಗಮನಿಸಿರಲಿಲ್ಲ.

9/10

ಮೂರನೇ ರಾತ್ರಿ ತೀರ್ಥಹಳ್ಳಿ ಹತ್ರ ಉದ್ದನ ಅತ್ತೆ ಮನೆ. ಟೆಂಟ್ ಒಣಗಿತ್ತು, ಹಾಕಿದ್ವಿ. ಟಾರ್ಚ್ ಭಟ್ಟಿ ಜಾಕೆಟಲ್ಲಿದೆ ಅಂತ ಗೊತ್ತಿತ್ತು, ಅವನು ಸ್ನಾನಕ್ಕೆ ಹೋಗಿದ್ದ. ಜೇಬಿಗೆ ಕೈ ಹಾಕಿದೆ. ಟಾರ್ಚ್ ಜೊತೆ ಒಂದು ಚೀಟಿ ಬಂತು. ಕುದುರೆಮುಖದ ಚೆಕ್‌ಪೋಸ್ಟಲ್ಲಿ ಕೊಟ್ಟಿದ್ದು ಅಂದ್ಕೊಂಡು ಬಿಚ್ಚಿದೆ.

2000
– 1520
– 300
= 180
ಶಿವಮೊಗ್ಗ – ದಾವಣಗೆರೆ ಬಸ್ ?

ಅಷ್ಟೇ ಇದ್ದಿದ್ದು.

ಅವನೂ ಲೆಕ್ಕ ಬರೀತಿದ್ದ. ನಾನು ಹೇಳಿದ ಎರಡು ಸಾವಿರ, ಒಂದು ರೂಪಾಯಿ ಹೆಚ್ಚಿಲ್ಲ ಕಡಿಮೆ ಇಲ್ಲ. ಆ ರಾತ್ರಿ ನಾನು ಹಾಕಬೇಕಾಗಿದ್ದ ಶೀಟ್‌ಗೆ ಅವನ ಹತ್ರ ಉಳಿದಿದ್ದು 180. ನಾಳೆ ಶಿವಮೊಗ್ಗದಲ್ಲಿ ಏನೋ ನೆಪ ಹೇಳಿ ಬಸ್ ಹತ್ತೋಕೆ ಅದು ಸಾಕಾಗುತ್ತಾ ಅಂತ ನೋಡ್ತಿದ್ದ.

ಸ್ನಾನ ಮುಗಿಸಿ ಬಂದ. ನನ್ನ ಕೈಯಲ್ಲಿ ಚೀಟಿ ನೋಡಿದ. ಮೊದಲ ಸಲ ಅವನು ಸಿಟ್ಟಾಗಿದ್ದು ನೋಡಿದೆ. "ನನ್ನ ಜೇಬಿಗೆ ಯಾಕಲೇ ಕೈ ಹಾಕ್ದೆ?"

ಕ್ಷಮಿಸು ಅಂದೆ. ಆಮೇಲೆ ಎಲ್ಲರೂ ಹೇಳೋ ಮಾತನ್ನೇ ಹೇಳಿದೆ: "ದುಡ್ಡಿಲ್ಲ ಅಂತ ಒಂದು ಮಾತು ಹೇಳಬಹುದಿತ್ತಲ್ಲೋ."

"ಎರಡು ಸಾವಿರ ಅಂದಿದ್ದು ನೀನು. ನಾನು ಎರಡು ಸಾವಿರ ತಂದೆ. ನಾನೇನು ತಪ್ಪು ಮಾಡೀನಿ ಅಂತ ಹೇಳ್ಬೇಕಿತ್ತು?"

ನನ್ನ ಹತ್ರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಸ್ವಲ್ಪ ಹೊತ್ತಾದ ಮೇಲೆ, ನಿನ್ನ ಪಾಲು ಬಿಟ್ಟುಬಿಡ್ತೀನಿ ಅಂದೆ. "ಬಿಟ್ರೆ ನಾಳೆಯಿಂದ ನಿಮ್ಮ ಜೊತೆ ಬರಲ್ಲ" ಅಂದ. ಹಾಗಾದ್ರೆ ಮಂಡಕ್ಕಿ, ಬೈಕ್ ರಿಪೇರಿ, ಅದನ್ನೆಲ್ಲ ಲೆಕ್ಕಕ್ಕೆ ಹಿಡಿದು ಕಳೀತೀನಿ ಅಂದೆ. ಅದಕ್ಕೆ ಇನ್ನೂ ಬೇಜಾರಾಯ್ತು ಅವನಿಗೆ. "ಅವ್ವ ಕೊಟ್ಟಿದ್ದಕ್ಕೆ ರೇಟ್ ಹಾಕ್ತೀಯೇನಲೇ? ಬೈಕಿಂದ ಬೀಳದ ಹಾಗೆ ಹಿಡಿದಿದ್ದಕ್ಕೆ ಬಿಲ್ ಕೊಡ್ಲಾ?"

ಬಿಕಾಂ ಮೊದಲನೇ ಸೆಮಿಸ್ಟರಲ್ಲಿ ಒಂದು ಪಾಠ ಇದೆ. ದುಡ್ಡಲ್ಲಿ ಅಳೆಯೋಕಾಗೋದನ್ನ ಮಾತ್ರ ಪುಸ್ತಕದಲ್ಲಿ ಬರೀಬೇಕು, ಮಿಕ್ಕಿದ್ದು ಬರೆಯೋ ಹಾಗಿಲ್ಲ. ಮನಿ ಮೆಷರ್‌ಮೆಂಟ್ ಕಾನ್ಸೆಪ್ಟ್. ಪರೀಕ್ಷೇಲಿ ಚೆನ್ನಾಗಿ ಬರೆದಿದ್ದೆ. ಆ ರಾತ್ರಿ ಟೆಂಟಲ್ಲಿ ಉದ್ದನ ಕಾಲು ಪಕ್ಕ ಮಲಗಿ ಅದೇ ಯೋಚನೆ. ನಾಲ್ಕು ದಿನದ ಟ್ರಿಪ್ಪಲ್ಲಿ ನಿಜವಾಗಿ ನಮ್ಮನ್ನ ಉಳಿಸಿದ್ದು, ಹೊಟ್ಟೆ ತುಂಬಿಸಿದ್ದು, ಎರಡೂ ನನ್ನ ಶೀಟಲ್ಲಿ ಇಲ್ಲ. ಶೀಟ್ ಮಾತ್ರ ಪೈಸೆ ಪೈಸೆ ಸರಿ ಇದೆ.

10/10

ಅವನು ಬಸ್ ಹತ್ತಲಿಲ್ಲ. ಬೆಳಗ್ಗೆ ನಾನು ಶೀಟ್ ಹಾಕಲಿಲ್ಲ, ಯಾರೂ ಕೇಳಲೂ ಇಲ್ಲ. ಮಂಡಗದ್ದೆ, ಶಿವಮೊಗ್ಗ, ಹೊನ್ನಾಳಿ, ಸಂಜೆಗೆ ಮನೆ. ಆರು ನೂರು ಕಿಲೋಮೀಟರ್ ಚಿಲ್ಲರೆ. ಅಪ್ಪ ಬೈಕ್ ನೋಡಿ, "ಬ್ರೇಕ್ ಟೈಟ್ ಮಾಡ್ಸಿದೀಯಲ್ಲ, ಗುಡ್" ಅಂದ್ರು. ನಾನು ಹೂಂ ಅಂದೆ. ಈ ಪೋಸ್ಟ್ ಓದಿದ್ರೆ ನಿಜ ಗೊತ್ತಾಗುತ್ತೆ. ಅಪ್ಪಾ, ಸಾರಿ.

ಒಟ್ಟು ಖರ್ಚು 14,250. ತಲಾ 2,850. ನಾನು ಕೊಟ್ಟ ಗ್ಯಾರಂಟಿಗಿಂತ 850 ಜಾಸ್ತಿ. ನಮಗೆ ಅದು ಒಂದು ಮೀನೂಟ, ಒಂದು ಎಸ್ಟೇಟ್ ಫೋಟೋ. ಭಟ್ಟಿಗೆ ಅದು ಎಷ್ಟು ಸಂಜೆಯ ಕೆಲಸ ಅಂತ ನಾನು ಕೇಳಿಲ್ಲ. ಕೇಳೋ ಹಕ್ಕು ನನಗಿಲ್ಲ ಅನ್ಸುತ್ತೆ.

ಅವನ ಬಾಕಿ 1,030. ಜೂನಲ್ಲಿ 400 ಕಳಿಸಿದ. ಜುಲೈಯಲ್ಲಿ 400. ಬೇಡ ಅನ್ನಲಿಲ್ಲ ನಾನು, ಬಂದಾಗೆಲ್ಲ "ಬಂತು" ಅಂತ ಒಂದು ಮೆಸೇಜ್ ಹಾಕ್ತಿದ್ದೆ. ಹೋದ ವಾರ 230 ಬಂತು, ಕೆಳಗೆ ಒಂದು ಪದ: "ಕ್ಲೋಸ್." ಅದು ಬರೋವರೆಗೆ ಈ ಫೋಟೋ ಹಾಕಬಾರದು ಅಂತ ಕಾದಿದ್ದೆ. ಅವನ ಸಾಲ ಇಟ್ಕೊಂಡು ಅವನ ಫೋಟೋಗೆ ಲೈಕ್ ತಗೊಳ್ಳೋಕೆ ಮನಸ್ಸು ಒಪ್ಪಲಿಲ್ಲ.

ಬರೆದದ್ದನ್ನೆಲ್ಲ ಮೊದಲು ಅವನಿಗೇ ಕಳಿಸಿದೆ. ಒಂದು ದಿನ ಉತ್ತರ ಇಲ್ಲ. ಆಮೇಲೆ ಬಂತು: "ಹಾಕು. ಜೇಬಿಂದು ಬೇಕಾದ್ರೆ ಹಾಕು. ಅಜ್ಜಿ ಎರಡು ಸಲ ಹಾಕಿಸ್ಕೊಂಡಿದ್ದು ಮಾತ್ರ ಬಿಡಬೇಡ, ಅವ್ವಗೆ ತೋರಿಸ್ಬೇಕು."

ಬಿಟ್ಟಿಲ್ಲ ನೋಡಪ್ಪ.

ಮುಂದಿನ ಟ್ರಿಪ್ಪಿಗೆ ನಾವು ಒಂದು ಪದ್ಧತಿ ಮಾಡ್ಕೊಂಡಿದ್ದೀವಿ, ನಿಮಗೂ ಉಪಯೋಗ ಆಗಬಹುದು. ಪ್ಲಾನ್ ಮಾಡೋಕೆ ಮುಂಚೆ ಐದು ಜನ ಐದು ಚೀಟಿಯಲ್ಲಿ ತಮ್ಮ ಕೈಲಾಗೋ ಮೊತ್ತ ಬರೆದು ಡಬ್ಬಿಗೆ ಹಾಕೋದು, ಹೆಸರು ಬರೆಯೋ ಹಾಗಿಲ್ಲ. ಅದರಲ್ಲಿ ಅತಿ ಕಡಿಮೆ ಯಾವುದಿದೆಯೋ ಅದೇ ಎಲ್ಲರ ಬಜೆಟ್. ಯಾರು ಬರೆದದ್ದು ಅಂತ ಕೇಳಬಾರದು. ದಾರಿ ಮಧ್ಯೆ ಯಾರೂ "ಐನೂರು ತಾನೇ" ಅನ್ನಬಾರದು.

ಮೊನ್ನೆ ಡಬ್ಬಿ ತೆಗೆದ್ವಿ. ಅತಿ ಕಡಿಮೆ ಚೀಟಿ ಭಟ್ಟಿದಲ್ಲ. ಅಕ್ಷರ ನೋಡಿದ ತಕ್ಷಣ ನನಗೆ ಗೊತ್ತಾಯ್ತು ಯಾರದ್ದು ಅಂತ. ಹೇಳಲ್ಲ.

ದಸರಾ ರಜೆಗೆ ಹೊರಡ್ತೀವಿ. ಚೀಲ ಎರಡು ಬೇಕು ಅಂತ ಭಟ್ಟಿ ಅವ್ವಗೆ ಈಗ್ಲೇ ಹೇಳಿಟ್ಟಿದ್ದೀವಿ.

#ದಾವಣಗೆರೆ #ಮಲೆನಾಡು #ಬೈಕ್‌ಟ್ರಿಪ್ #ಮಂಡಕ್ಕಿ